ಬರುವವರಿಲ್ಲ, ಹೋಗುವವರಿಲ್ಲ

ನಮ್ಮೂರ ಬಸ್‌ಸ್ಟ್ಯಾಂಡಿನ ಗೋಡೆಗೆ ಎರಡು ಹಲಗೆಗಳನ್ನು ತೂಗುಹಾಕಿದ್ದಾರೆ. ಒಂದರಲ್ಲಿ ಬಸ್ಸುಗಳ ವೇಳಾಪಟ್ಟಿ, ಇನ್ನೊಂದರಲ್ಲಿ ಕಾಲೇಜಿನ ಭಾವಿಸೋಣಗಳ ವೇಳಾಪಟ್ಟಿ. ಮೊದಲನೆಯದನ್ನು ಬಸ್ಸುಗಳೇ ನಂಬುವುದಿಲ್ಲ, ಊರವರು ನಂಬುವುದೆಲ್ಲಿ ಬಂತು. ಎರಡನೆಯದನ್ನು ಮಾತ್ರ ಅಕ್ಷರ ಬಾರದವರೂ ಯಾರಿಂದಲಾದರೂ ಓದಿಸಿಕೊಂಡೇ ಮುಂದೆ ಹೋಗುತ್ತಾರೆ. ನಮ್ಮ ಕಾಲೇಜಿನ ಕಪ್ಪುಹಲಗೆಯ ಮೇಲೆ ಪಾಠ ಮಾಡುವವರು 'ಹೀಗೆಂದು ಭಾವಿಸೋಣ' ಎಂದು ಬರೆದು ಒಂದು ಸಮೀಕರಣವನ್ನು ಸಾಧಿಸಲು ಶುರುಮಾಡಿದರೆ, ಅದರ ಕೊನೆಯ ಸಾಲು ಬೀಳುವವರೆಗೆ ಊರಿನಲ್ಲಿ ಹಾಗೆಯೇ ನಡೆಯುತ್ತದೆ. ನಮ್ಮಜ್ಜಿಯ ಕಾಲದಲ್ಲೂ ಇದು ಹೀಗೇ ಇತ್ತು.

ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಭೌತಶಾಸ್ತ್ರದವರು ಘರ್ಷಣೆ ಇಲ್ಲವೆಂದು ಭಾವಿಸುತ್ತಾರೆ. ಆ ಹೊತ್ತಿಗೆ ಪೇಟೆಯ ಜನ ಇದ್ದಲ್ಲೇ ನೆಲಕ್ಕೆ ಕೂರುತ್ತಾರೆ, ಆಟೋದವರು ಗಾಡಿಯನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ, ಕ್ಷೌರದ ಅಂಗಡಿಯವನು ಅರ್ಧ ಗಡ್ಡಕ್ಕೇ ಕತ್ತಿ ಕೆಳಗಿಡುತ್ತಾನೆ. ಘರ್ಷಣೆ ಇಲ್ಲದ ಮೇಲೆ ಗಂಟೂ ನಿಲ್ಲುವುದಿಲ್ಲ. ಅದಕ್ಕೇ ಗುರುವಾರ ನಮ್ಮೂರಲ್ಲಿ ಯಾರೂ ಧೋತರ ಉಡುವುದಿಲ್ಲ, ಹೆಂಗಸರು ನಿರಿಗೆಗೆ ನಾಲ್ಕು ಪಿನ್ನು ಹೆಚ್ಚಿಗೆ ಹಾಕುತ್ತಾರೆ. ಇದನ್ನು ಮೊದಲೇ ತಿಳಿಸಲಿಲ್ಲವೆಂದು ಹೊರಗಿನಿಂದ ಬಂದ ಒಬ್ಬ ಅಳಿಯ ಮಾವನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಭಾವಿಸೋಣ ಶುರುವಾದ ಕೂಡಲೇ ಊರವರೆಲ್ಲರ ಕಿವಿ ಕಟ್ಟುತ್ತದೆ. ಕೊನೆಯ ಸಾಲು ಬಿದ್ದೊಡನೆ ಕಿವಿ ಟಪ್ಪೆಂದು ಬಿಡುತ್ತದೆ, ಆಗ ಜನ ಎದ್ದು ಬಟ್ಟೆ ಕೊಡವಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಕಟ್ಟುಪಾಡು ಒಂದೇ. ಯಾರು ಶುರುಮಾಡಿದರೋ ಅವರೇ, ಅದೇ ಹಲಗೆಯ ಮೇಲೆ, ತಪ್ಪಿಲ್ಲದೆ ಮುಗಿಸಬೇಕು. ಅಳಿಸಿದರೆ ಭಾವಿಸೋಣ ಹೋಗುವುದಿಲ್ಲ, ಬೇರೆಯವರು ಮುಗಿಸಿದರೂ ಹೋಗುವುದಿಲ್ಲ. ಒಮ್ಮೆ ತಾತ್ಕಾಲಿಕ ನೇಮಕದ ಒಬ್ಬ ಮೇಷ್ಟರು ಗಾಳಿಯ ತಡೆ ಇಲ್ಲವೆಂದು ಭಾವಿಸಿ, ಅರ್ಧಕ್ಕೇ ಬೇರೆ ಊರಿನ ಕೆಲಸದ ಕಾಗದ ಕೈಸೇರಿತೆಂದು ಹೊರಟುಬಿಟ್ಟ. ಅವನನ್ನು ಹುಡುಕಿ ಹಿಡಿದು ತರಲು ಹನ್ನೊಂದು ದಿನ ಬೇಕಾಯಿತು. ಹನ್ನೊಂದು ದಿನವೂ ಕಾಗೆಗಳು ರಸ್ತೆಯ ಮೇಲೆ ನಡೆದಾಡಿದವು. ಕೇರುವ ಹೆಂಗಸರು ಹೊಟ್ಟೂ ಕಾಳೂ ಒಟ್ಟಿಗೇ ಬೀಳುವುದನ್ನು ನೋಡಿ ಅವನ ಏಳು ತಲೆಮಾರಿಗೆ ಶಾಪ ಹಾಕಿದರು. ಅಂದಿನಿಂದ ಸಮೀಕರಣ ಮುಗಿಯದೆ ಗಂಟೆ ಹೊಡೆಯಬಾರದೆಂದು ಕಾಲೇಜಿನ ಜವಾನ ಮೌಲಾಸಾಬನಿಗೆ ಹೇಳಿಟ್ಟಿದ್ದಾರೆ.

ನಾನು ಇಂದುಮತಿ, ಆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ನನ್ನ ಅಕ್ಕ ನೀಲಾಂಬಿಕೆ, ನಾನು ಕರೆಯುವುದು ನೀಲಕ್ಕ ಎಂದು, ಅಲ್ಲೇ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿ ನಿವೃತ್ತಳಾಗಿದ್ದಳು. ಊರಿನ ಗುರುವಾರಗಳೆಲ್ಲ ಅವಳವೇ ಆಗಿದ್ದವು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಇಪ್ಪತ್ತು. ನನ್ನ ಹಲ್ಲು ಉಜ್ಜಿಸಿದ್ದರಿಂದ ಹಿಡಿದು ಬೀಜಗಣಿತ ಕಲಿಸುವವರೆಗೆ ಎಲ್ಲ ಅವಳದೇ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ನೀಲಕ್ಕ, "ಪೋರ್ಶನ್ ಮುಗದಿರಲಿಲ್ಲರಿ" ಎನ್ನುತ್ತಿದ್ದಳು. ನನ್ನ ವಿಷಯದ ಬಗ್ಗೆ ಅವಳಿಗೆ ಕಿಂಚಿತ್ತೂ ಗೌರವವಿರಲಿಲ್ಲ. "ನಾವು ಘರ್ಷಣಿ ಒಂದ ಬಿಡ್ತೇವಿ. ನೀವು ಇಡೀ ಸಂಸಾರನ ಸ್ಥಿರ ಐತಿ ಅಂತೀರಿ. ಭಾವಿಸೋಣ ತಗದ್ರ ನಿಮ್ಮ ಪುಸ್ತಕದಾಗ ಹೊದಿಕಿ ಅಷ್ಟ ಉಳೀತೈತಿ" ಎಂದು ಊಟಕ್ಕೆ ಕೂತಾಗಲೆಲ್ಲ ಕೆಣಕುವಳು. ನನಗೆ ಬೇಗ ಸಿಟ್ಟು ಬರುತ್ತದೆ. ತಟ್ಟೆ ಬಿಟ್ಟು ಏಳುತ್ತಿದ್ದೆ. ಆಮೇಲೆ ಅವಳೇ ಬಂದು ಎಬ್ಬಿಸಿ ಉಣ್ಣಿಸುತ್ತಿದ್ದಳು.

ಆ ವರ್ಷ ಅವಳ ಯಕೃತ್ತು ಕೆಟ್ಟಿತು. ಮೈ ಅರಿಶಿಣದ ಬಣ್ಣಕ್ಕೆ ತಿರುಗಿತು, ಹೊಟ್ಟೆ ಊದಿತು, ಕೈಕಾಲು ಕಡ್ಡಿಯಾದವು. ಒಂದು ಶನಿವಾರ ಡಾಕ್ಟರು ಮನೆಗೆ ಬಂದು ನೋಡಿ, ನನ್ನನ್ನು ಹಿತ್ತಲಿಗೆ ಕರೆದು, "ಭಾಳ ಅಂದ್ರ ಮಂಗಳವಾರ ದಾಟತಾರ ಮೇಡಂ, ಗಟ್ಟಿ ಆಗ್ರಿ" ಎಂದರು. ನಾನು ಗಟ್ಟಿಯಾಗಲಿಲ್ಲ. ಭಾನುವಾರ ಕೂತು ಪಠ್ಯಕ್ರಮ ತೆಗೆದು ನೋಡಿದೆ. ಈ ಮಾತನ್ನು ಮುಚ್ಚಿಟ್ಟುಕೊಂಡು ಕಥೆ ಹೇಳಿದರೆ ಅದು ಸುಳ್ಳು ಕಥೆಯಾಗುತ್ತದೆ. ಮುಂದಿನ ತಿಂಗಳು ಮಾಡಬೇಕಾದ 'ಮಾರುಕಟ್ಟೆ ಬೇಡಿಕೆ'ಯ ಪಾಠವನ್ನು ಸೋಮವಾರಕ್ಕೆ ಎಳೆದುಕೊಂಡವಳು ನಾನೇ. ಆ ಪಾಠದ ಮೊದಲ ಸಾಲು ಹೀಗಿದೆ: ಜನಸಂಖ್ಯೆ ಸ್ಥಿರ, ಅಂದರೆ ಬರುವವರಿಲ್ಲ, ಹೋಗುವವರಿಲ್ಲ ಎಂದು ಭಾವಿಸೋಣ.

ಪ್ರತಿ ವರ್ಷ ಆ ಪಾಠಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಆ ನಲವತ್ತು ನಿಮಿಷ ಊರಿನ ಗಡಿಕಲ್ಲನ್ನು ಯಾರೂ ದಾಟುತ್ತಿರಲಿಲ್ಲ, ಊರಲ್ಲಿ ಯಾರೂ ಹುಟ್ಟುತ್ತಿರಲಿಲ್ಲ, ಸಾಯುತ್ತಿರಲಿಲ್ಲ. ನಲವತ್ತು ನಿಮಿಷ ಯಾವ ಲೆಕ್ಕ. ಯಾರಿಗೂ ಅದರಿಂದ ತೊಂದರೆಯಾಗಿದ್ದು ನನಗೆ ಗೊತ್ತಿರಲಿಲ್ಲ.

ಸೋಮವಾರ ತರಗತಿಗೆ ಹೋದಾಗ ಮುಂದಿನ ಬೆಂಚಿನಲ್ಲಿ ಶಿವಲೀಲಾ ಕೂತಿದ್ದಳು. ಬಿ.ಎ. ಕೊನೆಯ ವರ್ಷ, ತುಂಬಿದ ಬಸುರಿ. ಬೆಂಚಿಗೂ ಡೆಸ್ಕಿಗೂ ನಡುವೆ ಹೊಟ್ಟೆ ಹಿಡಿಸದೆ ಪಕ್ಕಕ್ಕೆ ತಿರುಗಿ ಕೂತು, ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು. "ಇನ್ನೂ ಯಾಕ ಬರ್ತೀ, ಮನ್ಯಾಗಿರು" ಎಂದು ನಾನು ಎರಡು ವಾರದಿಂದ ಹೇಳುತ್ತಿದ್ದೆ. "ಹಾಜರಿ ಕಡಿಮಿ ಐತ್ರಿ ಮೇಡಂ" ಎಂದು ನಗುತ್ತಿದ್ದಳು. ಅವಳನ್ನು ನಾನು ನೋಡಿದೆ. ನೋಡಿಯೇ ಬರೆದೆ.

ಪಾಠ ಸುಲಭದ್ದು. ಒಬ್ಬ ಮನುಷ್ಯನಿಗೆ ಎಷ್ಟು ಬೆಲ್ಲ ಬೇಕು? ಪುಕ್ಕಟೆ ಸಿಕ್ಕರೂ ಇಷ್ಟೇ ತಿಂದಾನು, ಅದು ಎ. ಬೆಲೆ ಏರಿದಷ್ಟೂ ಅದರಲ್ಲಿ ಕಡಿಮೆ ಮಾಡುತ್ತಾನೆ, ಅದು ಮೈನಸ್ ಬಿ ಪಿ. ಪಿ ಎಂದರೆ ಬೆಲೆ. ಊರಲ್ಲಿ ಅಂಥ ಎನ್ ಜನರಿದ್ದರೆ ಇಡೀ ಊರಿನ ಬೇಡಿಕೆ ಎನ್ ಇಂಟು ಬ್ರಾಕೆಟ್ಟಿನಲ್ಲಿ ಎ ಮೈನಸ್ ಬಿ ಪಿ. ಬ್ರಾಕೆಟ್ಟು ಬಿಡಿಸಿ, ಮಾರುವವರು ತರುವ ಬೆಲ್ಲಕ್ಕೆ ಅದನ್ನು ಸಮ ಮಾಡಿ, ಪಿಯನ್ನು ಒಂದು ಕಡೆಗೆ ತಂದರೆ ಊರಿನಲ್ಲಿ ಬೆಲ್ಲ ಯಾವ ಬೆಲೆಗೆ ನಿಲ್ಲುತ್ತದೆಂದು ಬರುತ್ತದೆ. ಇಪ್ಪತ್ತೊಂದು ವರ್ಷ ನಿದ್ದೆಗಣ್ಣಲ್ಲೂ ಬರೆದದ್ದು. ಅಂದು ನನ್ನ ಕಣ್ಣು ಹಲಗೆಯ ಮೇಲಿದ್ದದ್ದಕ್ಕಿಂತ ಬಾಗಿಲ ಮೇಲೆಯೇ ಹೆಚ್ಚಿತ್ತು. ಕೊನೆಯ ಸಾಲಿಗೆ ಮೊದಲಿನ ಸಾಲು ಬರೆದು, ಸೀಮೆಸುಣ್ಣವನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, "ಇವತ್ತಿಗೆ ಸಾಕು" ಎಂದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೌಲಾಸಾಬ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. "ಮೇಡಮ್ಮಾರ, ಕಿವಿ ಬಿಟ್ಟಿಲ್ಲಲ್ರಿ. ಗಂಟಿ ಹೆಂಗ ಹೊಡೀಲಿ?" ಎಂದ.

"ಹೊಡೀಬ್ಯಾಡ" ಎಂದು ಹೇಳಿ ನಾನು ಮನೆಗೆ ಬಂದೆ.

ನೀಲಕ್ಕನ ಉಸಿರು ಬೆಳಿಗ್ಗೆಯೇ ಒಂದು ಥರ ಕಡಿದು ಕಡಿದು ಬರುತ್ತಿತ್ತು. ಆ ಉಸಿರು ಈಗ ಹಾಗೆಯೇ ನಡೆಯುತ್ತಿತ್ತು, ನಿಲ್ಲುವ ಹಾಗೆ ಕಂಡು ನಿಲ್ಲದೆ. ನಾನು ಅವಳ ಕಾಲ ಬಳಿ ಕೂತು ಸಂತೋಷದಿಂದ ಅತ್ತೆ. ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಕಣ್ಣು ತೆರೆದು, "ಕಿವಿ ಯಾಕೋ ಕಟ್ಟಿದ್ದು ಬಿಡವಲ್ಲವು ಇಂದೂ. ಜಡ್ಡಿಗೇನೋ" ಎಂದಳು. "ಹೌದಕ್ಕಾ, ಜಡ್ಡಿಗೆ ಇರಬೇಕು" ಎಂದೆ.

ಮಂಗಳವಾರದ ಹೊತ್ತಿಗೆ ಊರು ಒಂದು ನಮೂನೆ ಹೊಂದಿಕೊಂಡಿತ್ತು. ಕಿವಿ ಕಟ್ಟಿದ್ದರಿಂದ ಎಲ್ಲರೂ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದರು, ಗುಟ್ಟಿನ ಮಾತುಗಳನ್ನು ಮುಂದಕ್ಕೆ ಹಾಕಿದ್ದರು. ಗಡಿಕಲ್ಲಿನ ಆಚೆ ಆರು ಬಸ್ಸು ನಿಂತಿದ್ದವು. ಸಾಮಾನು ದಾಟುತ್ತಿತ್ತು, ಮನುಷ್ಯರು ದಾಟುತ್ತಿರಲಿಲ್ಲ. ಎತ್ತಿದ ಕಾಲು ತಿರುಗಿ ಇತ್ತಲೇ ಬೀಳುತ್ತಿತ್ತು. ಹಾಗಾಗಿ ಈಚೆಯವರು ರೊಟ್ಟಿ ಬುತ್ತಿಯನ್ನು ಕಲ್ಲಿನ ಮೇಲಿಂದ ಕೊಡುತ್ತಿದ್ದರು, ಆಚೆಯವರು ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ರಜೆಯ ಮೇಲೆ ತಮ್ಮೂರಿಗೆ ಹೋಗಿದ್ದ ಗಣಿತದ ಕುಲಕರ್ಣಿ ಸರ್ ಕೂಡ ಆಚೆಯೇ ಸಿಕ್ಕಿಬಿದ್ದು ಬಸ್ಸಿನ ನೆರಳಿನಲ್ಲಿ ಪೇಪರು ಓದುತ್ತಿದ್ದರಂತೆ. ಒಂದು ದಿಬ್ಬಣದಲ್ಲಿ ಮದುಮಗಳು ಆಚೆ, ಹಂದರ ಈಚೆ. ಪ್ರಿನ್ಸಿಪಾಲರು ಮನೆಗೆ ಬಂದು, "ಮೇಡಂ, ಒಂದು ಸಾಲು ಅಲ್ಲರಿ, ಬರದು ಬಿಡ್ರಿ" ಎಂದರು. ಪಾಠ ಇಷ್ಟೇ ದಿನಕ್ಕೆ ಮುಗಿಯಬೇಕೆಂದು ಪಠ್ಯಕ್ರಮದಲ್ಲಿ ಎಲ್ಲಿದೆ ತೋರಿಸಿ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಅವರು ಒಳ್ಳೆಯ ಮನುಷ್ಯರು. ನನ್ನ ಮನೆಯ ಒಳಕೋಣೆಯ ಕಡೆಗೊಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಹೋದರು.

ಅಂದು ಮಧ್ಯಾಹ್ನ ಶಿವಲೀಲಾಳ ಅತ್ತೆ ದ್ಯಾಮವ್ವ ಬಂದಳು. ಚಪ್ಪಲಿಯೂ ಇರಲಿಲ್ಲ ಕಾಲಲ್ಲಿ. ಹೊಸ್ತಿಲ ಹೊರಗೇ ನಿಂತು, ಕಿವಿ ಕಟ್ಟಿದ ಎಲ್ಲರ ಹಾಗೆ, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. "ಯವ್ವಾ, ಮೇಡಮ್ಮ! ನಿನ್ನಿ ಸಂಜೀಲಿಂದ ಬ್ಯಾನಿ ತಿನ್ನಾಕತ್ತಾಳ ನಮ್ಮ ಹುಡುಗಿ. ಕೂಸಿನ ತಲಿ ಕಾಣಸ್ತೈತಿ ಅಂತಾರ ಆಸ್ಪತ್ರಿ ನರ್ಸಮ್ಮಾರು, ಬರವಲ್ತು. ಇದ್ದಲ್ಲೇ ಐತಿ. ನಿಮ್ಮ ಕಾಲಿಗೆ ಬೀಳ್ತೀನಿ, ಅದೇನ ಬರೀಬೇಕೋ ಬರೀರಿ."

ನಾನು ಬಾಗಿಲು ಹಾಕಿಕೊಂಡೆ. ಹಾಕಿಕೊಂಡು ಅದಕ್ಕೇ ಬೆನ್ನು ಕೊಟ್ಟು ನಿಂತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಅಗಳಿ ತೆಗೆಯಲಿಲ್ಲ.

ಒಳಗಿನಿಂದ ನೀಲಕ್ಕ ಕರೆದಳು. ಎಲ್ಲವೂ ಅವಳಿಗೆ ಕೇಳಿತ್ತು. "ಇದು ಜಡ್ಡಿನ ಕಿವಿ ಅಲ್ಲ" ಎಂದಳು. "ಯಾವ ಪಾಠ?"

"ಮಾರುಕಟ್ಟಿ ಬೇಡಿಕಿ."

"ಅದಕ್ಕ ನಾ ಇನ್ನೂ ಇದೀನಿ" ಎಂದಳು. ಆಮೇಲೆ, "ಮುಗಸು ಹೋಗು" ಎಂದಳು.

"ಮುಗಸೂದಿಲ್ಲ."

"ಇಂದೂ."

"ನನಗ ನೀ ಬೇಕು. ನನಗ ಬ್ಯಾರೆ ಯಾರದಾರ? ಊರು ಏನರ ಅನ್ಲಿ, ನಾ ಬರಿಯೂದಿಲ್ಲ."

"ನೀ ಏನ್ ತಿಳಕೊಂಡೀ? ನನ್ನ ಬ್ಯಾನಿ ನಿಂತೈತಿ ಅಂತನಾ? ಅದು ಬೆಳ್ಯಾಕತ್ತೈತಿ. ನಾ ಹೋಗೂ ಬಾಗಲಾ ಅಷ್ಟ ನೀ ಹಾಕೀದಿ." ಅವಳ ದನಿ ಒಡೆದಿತ್ತು, ಆದರೂ ತರಗತಿಯಲ್ಲಿ ಕೊನೆಯ ಬೆಂಚಿಗೆ ಮಾತಾಡುವವಳ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು. "ನಾಳೆ ಇದಕ್ಕಿಂತ ಹೆಚ್ಚು, ನಾಡ್ದು ಅದಕ್ಕಿಂತ ಹೆಚ್ಚು. ಮುಗಿಯೂದ ಇಲ್ಲ. ಅಲ್ಲೆ ಆ ಹುಡುಗಿಗೂ ಅದ."

ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಆ ರಾತ್ರಿ ಅವಳು ಒಮ್ಮೆಯೂ ನರಳಲಿಲ್ಲ. ನರಳಿದರೆ ನನಗೆ ಕೇಳುತ್ತದೆಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆ ಹಾಸಿಗೆ ಬದಲಿಸುವಾಗ ನೋಡಿದೆ, ಸೆರಗಿನ ತುದಿ ಹಲ್ಲಿನಿಂದ ತೂತುಬಿದ್ದಿತ್ತು.

ಬುಧವಾರ ಬೆಳಿಗ್ಗೆ ಹೆರಿಗೆ ಆಸ್ಪತ್ರೆಗೆ ಹೋದೆ. ಶಿವಲೀಲಾ ಮಂಚದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ತುಟಿ ಒಡೆದು ರಕ್ತ ಬಂದು ಒಣಗಿತ್ತು. ನರ್ಸು ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಶಿವಲೀಲಾ ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಬಹುಶಃ ನಾನು ತಿರುಗಿ ಬಯ್ದು ಮನೆಗೆ ಬರುತ್ತಿದ್ದೆ, ನನ್ನ ಸ್ವಭಾವವೇ ಅಂಥದ್ದು. ಅವಳು ಬ್ಯಾನೆಯ ನಡುವೆ ಉಸಿರು ಸಿಕ್ಕಾಗ ದಿಂಬಿನ ಕೆಳಗೆ ಕೈಹಾಕಿ ನೋಟ್‌ಬುಕ್ಕು ತೆಗೆದು ನನ್ನ ಕಡೆ ನೂಕಿದಳು.

"ಮೇಡಂ, ನಿಮಗ ಮನ್ಯಾಗ ತ್ರಾಸ ಐತಿ ಅಂತ ನಾನ ಕಡೀ ಸಾಲು ಬರದು ನೋಡಿದ್ನಿರಿ. ಕಿವಿ ಬಿಡಲಿಲ್ರಿ" ಎಂದಳು. "ನಾ ಎಲ್ಲೆ ತಪ್ಪೀನಿ, ಒಂದೀಟು ನೋಡ್ರಿ."

ನೋಟ್‌ಬುಕ್ಕಿನ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿದ್ದವು. ಬ್ಯಾನೆಯಲ್ಲಿ ಕಟ್ಟುಪಾಡನ್ನೇ ಮರೆತು, ತಾನೇ ತಪ್ಪಿದ್ದೇನೆಂದು ಅವಳು ನಂಬಿದ್ದಳು. ನನಗೆ ನಿಲ್ಲಲು ಆಗಲಿಲ್ಲ. "ನೀ ತಪ್ಪಿಲ್ಲವ್ವಾ" ಎಂದು ಹೇಳಿ ನೋಟ್‌ಬುಕ್ಕನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಅಲ್ಲಿಂದ ನೆಟ್ಟಗೆ ಕಾಲೇಜಿಗೆ ನಡೆದೆ. ದಾರಿಯುದ್ದಕ್ಕೂ, ನಿಂತರೆ ಮನಸ್ಸು ಬದಲಾದೀತೆಂದು, ಯಾರ ಮುಖವನ್ನೂ ನೋಡಲಿಲ್ಲ. ಮೌಲಾಸಾಬ ಕೀಲಿ ತೆಗೆದ. ಸೆರಗಿನ ಗಂಟಿನಿಂದ ಸೀಮೆಸುಣ್ಣ ಬಿಚ್ಚಿ ತೆಗೆದು ಕೊನೆಯ ಸಾಲು ಬರೆದೆ. 'ಆದ್ದರಿಂದ ಪಿ' ಎಂದು ಬರೆದು, ಮೇಲಿನದು ಮೇಲೆ, ಕೆಳಗಿನದು ಕೆಳಗೆ ಇಟ್ಟು, ಅಡಿಯಲ್ಲಿ ಎರಡು ಗೆರೆ ಎಳೆದೆ. ಎಳೆಯುವಾಗ ನೀಲಕ್ಕನ ಮುಖ ನೆನೆದು ಜೋರಾಗಿ ಅತ್ತೆ.

ಕಿವಿ ಬಿಡಲಿಲ್ಲ.

ಮೌಲಾಸಾಬ ತನ್ನ ಕಿವಿಯಲ್ಲಿ ಬೆರಳಾಡಿಸಿ ನೋಡಿದ. ತಲೆ ಅಲ್ಲಾಡಿಸಿದ. ನಾನು ಮೊದಲ ಸಾಲಿನಿಂದ ಓದಿದೆ. ಎಲ್ಲ ಸರಿಯಿತ್ತು. ಇನ್ನೊಮ್ಮೆ ಓದಿದೆ, ಬೆರಳಿಟ್ಟು ಓದಿದೆ. ಕಣ್ಣು ತಾನು ಬರೆದದ್ದನ್ನು ನೋಡುವುದಿಲ್ಲ, ಬರೆಯಬೇಕಾಗಿದ್ದದ್ದನ್ನೇ ಓದಿಕೊಂಡು ಹೋಗುತ್ತದೆ ಎಂದು ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೆ. ಹೊರಗೆ ಕಿಟಕಿಯ ಬಳಿ ಹುಡುಗರು ಗುಂಪುಕೂಡಿದ್ದರು. ಕೇಳಿದೆ, ಯಾರಿಗಾದರೂ ತಪ್ಪು ಕಾಣುತ್ತದೆಯೇ ಎಂದು. ಎಲ್ಲರೂ ತಮ್ಮ ನೋಟ್‌ಬುಕ್ಕು ತೆಗೆದು ಹಲಗೆಗೆ ತಾಳೆ ನೋಡಿ, "ನಮ್ಮ ಬುಕ್ಕಿನ್ಯಾಗೂ ಹಿಂಗ ಐತ್ರಿ ಮೇಡಂ" ಎಂದರು. ನಾನು ಬರೆದದ್ದನ್ನೇ ಅವರು ಬರೆದುಕೊಂಡದ್ದು, ಬೇರೆ ಹೇಗೆ ಇದ್ದೀತು. ಮೇಡಂ ಬರೆದದ್ದರಲ್ಲಿ ತಪ್ಪು ಹುಡುಕುವುದನ್ನು ಇಪ್ಪತ್ತೊಂದು ವರ್ಷದಲ್ಲಿ ನಾನು ಯಾರಿಗೂ ಕಲಿಸಿರಲಿಲ್ಲ. ಅಕ್ಕನ ಜಾಗಕ್ಕೆ ಬಂದ ಭೌತಶಾಸ್ತ್ರದವರು ಪರವೂರಿನಿಂದ ಬಂದುಹೋಗುವವರು, ಅವರೂ ಕುಲಕರ್ಣಿ ಸರ್ ಕೂಡ ಕಲ್ಲಿನ ಆಚೆ, ಎರಡು ಹರದಾರಿ ದೂರ. ಮನೆ ಕೂಗಳತೆಯಲ್ಲಿತ್ತು. ಮನೆಯಲ್ಲಿ ಇದ್ದವಳು ಒಬ್ಬಳೇ.

ನೀಲಕ್ಕನ ಮುಂದೆ ನೋಟ್‌ಬುಕ್ಕು ಹಿಡಿದು ನಿಂತೆ. ಅವಳೇ ಕೇಳಿದಳು, "ಬರದ್ಯಾ?"

"ಬರದೆ. ಎಲ್ಲೋ ತಪ್ಪೈತಿ. ಕಿವಿ ಬಿಡವಲ್ತು."

ಅವಳು ನಗಲು ನೋಡಿದಳು. "ಅರ್ಥಶಾಸ್ತ್ರ" ಎಂದಳು. ಕನ್ನಡಕ ಹಾಕು ಎಂದು ಸನ್ನೆ ಮಾಡಿದಳು. ಹಾಕಿ, ಬೆನ್ನಿಗೆ ದಿಂಬು ಕೊಟ್ಟು, ಶಿವಲೀಲಾಳ ನೋಟ್‌ಬುಕ್ಕನ್ನು ಅವಳ ಕಣ್ಣಿನ ಮುಂದೆ ಹಿಡಿದೆ. ಅವಳ ಹಳದಿ ಬೆರಳು ಮೊದಲ ಸಾಲಿನ ಕೆಳಗೆ ಬಂದು ನಿಂತಿತು. ಎರಡನೆಯ ಸಾಲು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು, ಅವಳ ಎಡಗಡೆಯ ತುಟಿಯ ಅಂಚು ಸ್ವಲ್ಪ ಒಳಕ್ಕೆ ಹೋಯಿತು. ನಾನು ಚಿಕ್ಕವಳಿದ್ದಾಗ ಕಂದೀಲಿನ ಎದುರು ಲೆಕ್ಕ ಮಾಡುತ್ತಿದ್ದರೆ, ತಪ್ಪು ಸಿಕ್ಕ ಕೂಡಲೇ ಅವಳ ತುಟಿ ಹೀಗೇ ಆಗುತ್ತಿತ್ತು. ಬಯ್ಯುವ ಮೊದಲು ಒಂದು ಕ್ಷಣ ನನಗೇ ಹುಡುಕಲು ಬಿಡುತ್ತಿದ್ದಳು.

ಸಿಕ್ಕಿತೆಂದು ನನಗೆ ಗೊತ್ತಾಯಿತು. ಅದನ್ನು ಹೇಳಿದರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಊರೊಳಗೆ ಅವಳ ಬಾಯಿಯಿಂದ ಬಿಟ್ಟರೆ ಇನ್ನೆಲ್ಲಿಂದಲೂ ಆ ಮಾತು ಬರುವ ಹಾಗಿರಲಿಲ್ಲ. ನನ್ನಲ್ಲಿದ್ದ ಧೈರ್ಯವೆಲ್ಲ ಆಸ್ಪತ್ರೆಯಿಂದ ಕಾಲೇಜಿನವರೆಗಿನ ದಾರಿಯಲ್ಲೇ ಖರ್ಚಾಗಿ ಹೋಗಿತ್ತು. ನೋಟ್‌ಬುಕ್ಕು ಮುಚ್ಚಿದೆ. "ಹೇಳಬ್ಯಾಡಕ್ಕಾ" ಎಂದೆ. "ನಿನಗ ಕೈ ಮುಗೀತೀನಿ, ಹೇಳಬ್ಯಾಡ. ಕುಲಕರ್ಣಿ ಸರಗೆ ಚೀಟಿ ಕಳಸ್ತೀನಿ. ಅವರ ನೋಡ್ಲಿ. ನೀ ಮಾತ್ರ ಹೇಳಬ್ಯಾಡ."

"ಚೀಟಿ ಹೋಗಿ ಬರೂದ್ರಾಗ ಸಂಜಿ ಆಗ್ತೈತಿ" ಎಂದಳು. "ಆ ಹುಡುಗಿಗೆ ಇನ್ನೊಂದು ತಾಸು ಭಾಳ ಆತು. ನನಗೂ ಆತು." ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟಳು. ತೂಕವೇ ಇರಲಿಲ್ಲ ಆ ಕೈಗೆ. "ಬ್ರಾಕೆಟ್ಟಿನ ಹೊರಗಿನ ಎನ್ ಒಳಗಿನ ಇಬ್ಬರಿಗೂ ಸಲ್ಲಬೇಕು. ನೀ ಎ ಗೆ ಕೊಟ್ಟಿ, ಬಿ ಪಿ ಗೆ ಕೊಡಲಿಲ್ಲ. ಎಂಟನೇ ಕ್ಲಾಸಿನ್ಯಾಗೂ ಇದ ತಪ್ಪು ಮಾಡ್ತಿದ್ದಿ. ಮುಂದಿನಾವಗ ಕೊಟ್ಟು ಹಿಂದಿನಾವನ್ನ ಮರೀತಿದ್ದಿ."

ನಾನು ಅವಳ ಮಗ್ಗುಲಲ್ಲಿ ತಲೆಯಿಟ್ಟು ಮಗುವಿನ ಹಾಗೆ ಅತ್ತೆ. ಅವಳು ಅಳಲಿಲ್ಲ. ನೀರು ಕೇಳಿದಳು, ಚಮಚದಲ್ಲಿ ಮೂರು ಹನಿ ಹಾಕಿದೆ. ತಲೆ ಬಾಚು ಎಂದಳು, ಉಳಿದಿದ್ದ ನಾಲ್ಕು ಕೂದಲನ್ನೇ ಬಾಚಿ ಜಡೆ ಹಾಕಿದೆ. ಆಗ ನನಗೊಂದು ಯೋಚನೆ ಬಂತು, ಬಂದು ಎದೆ ಕೊಯ್ದಂತಾಯಿತು. ಕೊನೆಯ ಸಾಲು ಬರೆಯುವಾಗ ನಾನು ಕಾಲೇಜಿನಲ್ಲಿರುತ್ತೇನೆ. ಅವಳು ಹೋಗುವಾಗ ಅವಳ ಹತ್ತಿರ ನಾನು ಇರುವುದಿಲ್ಲ. ಹತ್ತಿರ ಇದ್ದಷ್ಟು ಹೊತ್ತು ಅವಳು ಹೋಗುವುದಿಲ್ಲ.

ಅವಳು ಅದನ್ನು ನನಗಿಂತ ಮೊದಲೇ ಸಾಧಿಸಿ ಮುಗಿಸಿದ್ದಳು. "ಮೌಲಾಸಾಬನ್ನ ಕರಿ, ಅವ ಕುಂದರ್ಲಿ" ಎಂದಳು. "ಮೂವತ್ತು ವರ್ಷ ನನ್ನ ಪೀರಿಯಡ್ಡಿಗೆ ಗಂಟಿ ಹೊಡದಾನ. ನೀ ಅವಸರ ಮಾಡಬ್ಯಾಡ. ನೀ ಬರಿಯೂತನಾ ನಾ ಇಲ್ಲೇ ಇರ್ತೀನಿ, ಅದಂತೂ ಗ್ಯಾರಂಟಿ."

ಬಾಗಿಲ ತನಕ ಹೋಗಿ ತಿರುಗಿ ನೋಡಿದೆ. ಕನ್ನಡಕ ತೆಗೆಯುವುದನ್ನು ಮರೆತಿದ್ದೆ. ಅದರ ಹಿಂದಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು. "ನಿಮ್ಮ ಶಾಸ್ತ್ರದಾಗ ಒಂದ ಡಿರೈವೇಶನ್ನರ ನೆಟ್ಟಗ ಮಾಡು" ಎಂದಳು. ನಾನು ಯಾವಾಗಿನ ಹಾಗೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಅಳುವೇ ಬಂತು.

ಕಾಲೇಜಿನ ಕೋಣೆಯಲ್ಲಿ ಹುಡುಗರು ಒಳಗೆ ಬಂದು ಬೆಂಚುಗಳಲ್ಲಿ ಕೂತಿದ್ದರು. ಯಾರೂ ಹೇಳಿರಲಿಲ್ಲ ಅವರಿಗೆ. ಶಿವಲೀಲಾಳ ಜಾಗ ಖಾಲಿ ಬಿಟ್ಟಿದ್ದರು. ನಾನು ಮೂರನೆಯ ಸಾಲಿನಿಂದ ಕೆಳಗಿನದನ್ನೆಲ್ಲ ಡಸ್ಟರಿನಿಂದ ಒರೆಸಿದೆ. "ಬರಕೋರಿ. ತಪ್ಪು ನನ್ನದಿತ್ತು" ಎಂದೆ. ಎನ್ ಅನ್ನು ಎಗೆ ಕೊಟ್ಟೆ, ಎನ್ ಅನ್ನು ಬಿ ಪಿಗೂ ಕೊಟ್ಟೆ. ಮಾರುವವರ ಬೆಲ್ಲ ಸಿ ಪ್ಲಸ್ ಡಿ ಪಿ, ಅದನ್ನು ಎದುರಿಗಿಟ್ಟೆ. ಪಿ ಇದ್ದದ್ದನ್ನೆಲ್ಲ ಒಂದು ಕಡೆಗೆ ತಂದೆ. ಎರಡು ಸಾಲು ಉಳಿದಿತ್ತು, ಆಮೇಲೆ ಒಂದು ಸಾಲು. ಮೇಲೆ ಎನ್ ಎ ಮೈನಸ್ ಸಿ, ಕೆಳಗೆ ಡಿ ಪ್ಲಸ್ ಎನ್ ಬಿ. ಕೆಳಗಿನ ಎನ್ ಬರೆಯುವ ಮುನ್ನ ಸೀಮೆಸುಣ್ಣ ಹಲಗೆಗೆ ತಾಗಿಸಿಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹಿಂದೆ ಇಪ್ಪತ್ತೆಂಟು ಜನ ಬರೆದುಕೊಳ್ಳಲು ಪೆನ್ನು ಹಿಡಿದು ಕೂತಿದ್ದರು. "ಅಕ್ಕಾ" ಎಂದು ಒಮ್ಮೆ ಗಟ್ಟಿಯಾಗಿ ಕರೆದೆ. ಬರೆದೆ.

ಕಿವಿ ಬಿಟ್ಟಿತು. ಎಲ್ಲ ಸದ್ದೂ ಒಟ್ಟಿಗೇ ಬಂದವು, ಹೊರಗಿನ ಮರದ ಎಲೆ, ದೂರದ ಬಸ್ಸುಗಳ ಹಾರ್ನು, ಯಾರದೋ ಮನೆಯಲ್ಲಿ ಪಾತ್ರೆ ಬಿದ್ದದ್ದು. ಹುಡುಗರು ಎದ್ದು ನಿಂತರು. ಗಂಟೆ ಹೊಡೆಯುವವನು ನಮ್ಮ ಮನೆಯಲ್ಲಿದ್ದ, ಹಾಗಾಗಿ ಗಂಟೆ ಆಗಲಿಲ್ಲ. ಹೋಗಿ ಎಂದೆ, ಯಾರೂ ಹೋಗಲಿಲ್ಲ. ಕೊನೆಗೆ ನಾನೇ ಹೊರಬಿದ್ದೆ.

ಮನೆಯ ಕಡೆ ನಿಧಾನ ನಡೆದೆ. ಇನ್ನು ಓಡಿ ಹೋಗಿ ಆಗುವುದೇನೂ ಇರಲಿಲ್ಲ. ಗಡಿಕಲ್ಲಿನ ಕಡೆಯಿಂದ ಜನ ಗಂಟುಮೂಟೆ ಹೊತ್ತು ಊರೊಳಕ್ಕೆ ಬರುತ್ತಿದ್ದರು. ಮದುಮಗಳು ಸೀರೆ ಎತ್ತಿ ಹಿಡಿದು ಹಂದರದ ಕಡೆ ಓಡುತ್ತಿದ್ದಳು. ಯಾರೂ ನನ್ನನ್ನು ಬಯ್ಯಲಿಲ್ಲ. ನಮ್ಮ ಓಣಿಯ ತಿರುವಿನಲ್ಲಿ ದ್ಯಾಮವ್ವ ಎದುರು ಬಂದಳು. ಕಾಲಲ್ಲಿ ಈಗಲೂ ಚಪ್ಪಲಿ ಇರಲಿಲ್ಲ, ಕೈಯಲ್ಲಿ ಸಕ್ಕರೆಯ ತಟ್ಟೆ. ನನ್ನ ಮನೆಯ ಬಾಗಿಲಲ್ಲಿ ಮೌಲಾಸಾಬ ಟೋಪಿ ಕೈಯಲ್ಲಿ ಹಿಡಿದು ನಿಂತದ್ದನ್ನು ಅವಳು ಇನ್ನೂ ನೋಡಿರಲಿಲ್ಲ. ನಾನು ನೋಡಿದ್ದೆ.

"ಹೆಣ್ಣು, ಮೇಡಮ್ಮಾ! ಇಷ್ಟು ಕೂದಲ ಅದಾವು ತಲಿ ತುಂಬ! ಇಬ್ಬರೂ ಆರಾಮ ಅದಾರ" ಎಂದು ಮುಷ್ಟಿ ತುಂಬ ಸಕ್ಕರೆ ತೆಗೆದು ನನ್ನ ಬಾಯಿಗೆ ಹಿಡಿದಳು. ಬೇಡ ಎನ್ನಲು ನನಗೆ ಮುಖವಿರಲಿಲ್ಲ. ಬಾಯಿ ತೆರೆದೆ. ಅವಳು ತುಂಬ ಹಾಕಿದಳು, ತುಟಿಯ ಮೇಲೆಲ್ಲ ಚೆಲ್ಲಿತು.

ಸಕ್ಕರೆ ಬಾಯಲ್ಲಿ ಕರಗುತ್ತಿರುವಾಗಲೇ ನಾನು ಹೊಸ್ತಿಲು ದಾಟಿ ಅಕ್ಕನಿದ್ದ ಕೋಣೆಗೆ ಹೋದೆ.